ಲಿಂಬೆ ಎಣಿಸುವ ಕೈ

ನಿಮ್ಮ ಮಗಳಿಗೆ ಲೆಕ್ಕ ಬರುವುದಿಲ್ಲ ಎಂದು ಇಂಡಿ ಪಟ್ಟಣದ ಶಾಲೆಯಿಂದ ಫೋನ್ ಬಂದಾಗ, ಯಾರಿಗೋ ಮಾಡಬೇಕಾದ ಫೋನು ನನಗೆ ಬಂದಿರಬೇಕು ಎಂದುಕೊಂಡೆ. ನಾಲ್ಕನೆಯ ಇಯತ್ತೆಯ ಈ ಹುಡುಗಿ ಲೆಕ್ಕ ಕಲಿತದ್ದೇ ನಮ್ಮ ತೋಟದ ಲಿಂಬೆ ರಾಶಿಯ ಮುಂದೆ ಕೂತು. ನಮ್ಮ ಮನೆಯಲ್ಲಿ ಲಿಂಬೆಯನ್ನು ಒಂದೊಂದಾಗಿ ಯಾರೂ ಎಣಿಸುವುದಿಲ್ಲ. ಒಂದು ಕೈಯಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಹೀಗೆ ಐದೈದು ಎತ್ತಿ ಬುಟ್ಟಿಗೆ ಹಾಕುತ್ತ ಹೋಗುವುದು. ಅವಳಿಗೆ ಕಲಿಸಿದವರು ನನ್ನ ಅತ್ತೆ, ಅದೂ ತಮ್ಮ ತವರಿನ ಮರಾಠಿಯಲ್ಲಿ.

ಅವಳು ಮೊದಲು ಹೋಗುತ್ತಿದ್ದ ಊರಿನ ಸರಕಾರಿ ಶಾಲೆಯ ಮಾಸ್ತರರು ಅದನ್ನು ನೋಡಿ, "ಭಾಳ ಚಲೋ ಐತಿ, ಎಲ್ಲಾರಿಗೂ ತೋರ್ಸವಾ" ಎಂದರಂತೆ. ಮರುದಿನದಿಂದ ವರ್ಗದ ತುಂಬ ಹುಣಸೆ ಬೀಜ, ಗದ್ದಲ. ಎಂಟೇಳಲೆ ಎಷ್ಟು ಎಂದರೆ ಇವಳ ಎರಡೂ ಕೈ ಗಾಳಿಯಲ್ಲೇ ಲಿಂಬೆ ಎತ್ತುತ್ತಿದ್ದವು. ಜ್ವರ ಬಂದರೂ ಶಾಲೆ ತಪ್ಪಿಸಲು ಒಪ್ಪದೆ ನನ್ನ ತಲೆ ತಿನ್ನುತ್ತಿದ್ದಳು.

ಆದರೆ ನಮ್ಮ ಮನೆಯವರಿಗೆ ಟೈ ಬೇಕಿತ್ತು. ಓಣಿಯ ಮಕ್ಕಳೆಲ್ಲ ಟೈ ಕಟ್ಟಿಕೊಂಡು ಇಂಡಿಯ ಟೆಂಪೋ ಹತ್ತುವಾಗ ನಮ್ಮವಳೊಬ್ಬಳು ಊರಲ್ಲೇ ಉಳಿದರೆ ಮರ್ಯಾದೆ ಏನಾಗಬೇಕು? ಬೇಡ ಬೇಡವೆಂದು ಗಂಟಲು ಹರಿದುಕೊಂಡೆ. ಯಾರು ಕೇಳುತ್ತಾರೆ!

ಫೋನ್ ಬಂದ ಮರುದಿನ ನಾನೂ ಅದೇ ಟೆಂಪೋ ಹತ್ತಿದೆ. ವರ್ಗದಲ್ಲಿ ಮಕ್ಕಳೆಲ್ಲ ಎದೆಗೆ ಕೈ ಕಟ್ಟಿ ಕೂತಿದ್ದರು. ಮೇಡಂ ಒಂದು ಸಾಲು ಹೇಳುವುದು, ಮಕ್ಕಳು ಅದನ್ನೇ ಒದರುವುದು. ಕಿಟಕಿಯಿಂದ ನೋಡಿದರೆ ನನ್ನ ಮಗಳ ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಲೆಕ್ಕಾ ಕೇಳಿದ್ರ ಸುಮ್ನ ನಿಂದರ್ತಾಳ್ರಿ," ಎಂದರು ಮೇಡಂ ಹೊರಗೆ ಬಂದು.

"ಅಕಿ ಕೈ ಆಡಿಸಿ ಎಣಸ್ತಾಳ್ರಿ. ಕೈ ಬಿಚ್ಚಾಕ ಬಿಡ್ರಿ, ಹೇಳ್ತಾಳ."

"ಮೊದ್ಲ ಹಂಗ ಮಾಡ್ತಿದ್ಳು. ಉತ್ತರಾನೂ ಬರೊಬ್ಬರಿ ಬರ್ತಿತ್ತು. ಆದ್ರ ಅಕಿನ್ನ ನೋಡಿ ಉಳದವ್ರೂ ಕೈ ಆಡ್ಸಾಕತ್ರು. ಶಿಸ್ತು ಬ್ಯಾಡೇನ್ರಿ?"

ಉತ್ತರ ಸರಿ ಬರುತ್ತಿತ್ತಂತೆ! ಹಾಗಿದ್ದರೆ ಕೆಟ್ಟಿದ್ದಾದರೂ ಏನು ಎಂದು ಕೇಳಿಯೇ ಬಿಟ್ಟೆ.

"ನಿಮಗ ಒಬ್ಬಾಕಿ ಮಗಳು, ನನಗ ಇಡೀ ವರ್ಗ ಐತ್ರಿ. ಗದ್ಲ ಆದ್ರ ಮ್ಯಾಲಿನವ್ರು ನನ್ನ ಬೈತಾರ," ಎಂದರು. ಪಾಪ, ಆ ಹೆಣ್ಣುಮಗಳು ಸುಳ್ಳೇನೂ ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮನೆಗೆ ಬಂದು ಹೇಳಿದರೆ ಇವರು ಪೇಪರಿನಿಂದ ತಲೆ ಎತ್ತದೆ, "ಮೇಡಂ ಹೆಚ್ಚು ಕಲ್ತಾರೋ, ನೀ ಹೆಚ್ಚು ಕಲ್ತೀಯೋ?" ಎಂದರು. ಇಂಥವರ ಮುಂದೆ ಏನೆಂದು ಬಾಯಿ ಬಡಿದುಕೊಳ್ಳುವುದು?

ರವಿವಾರ ಅಂಗಳದಲ್ಲಿ ಲಿಂಬೆ ಸುರಿದಿತ್ತು. ಸಂಜೆಯೊಳಗೆ ಚೀಲ ತುಂಬಿ ಪೇಟೆಗೆ ಕಳಿಸಬೇಕು. ಅತ್ತೆ ಎಂದಿನಂತೆ ಮೊಮ್ಮಗಳನ್ನು ಕರೆದರು.

"ಬಾರವಾ, ಯಾರು ಲಗೂ ಎಣಸ್ತಾರ ನೋಡೂಣು."

ಮೊದಲೆಲ್ಲ ಕರೆಯುವ ಮುಂಚೆಯೇ ಓಡಿ ಬಂದು ಕೂರುತ್ತಿದ್ದ ಹುಡುಗಿ. ಈಗ ನಿಧಾನವಾಗಿ ಬಂದು ರಾಶಿಯ ಮುಂದೆ ನೆಟ್ಟಗೆ ನಿಂತು ಎದೆಗೆ ಕೈ ಕಟ್ಟಿದಳು. ಅತ್ತೆ ನಗುತ್ತ ಎರಡೂ ಕೈಯಲ್ಲಿ ಲಿಂಬೆ ಎತ್ತಿ ಅವಳ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

"ಆಯಿ, ಮೊದ್ಲ ನೀ ಹೇಳು," ಎಂದಳು ಅಜ್ಜಿಗೆ. "ನಿನ್ನ ಹಿಂದ ನಾ ಹೇಳ್ತೇನಿ."