ಹರಾಜಿನ ಬಾಯಿಗೆ ಬಾರೊಂಕೊ

ಬೆಸ್ಸೆ ರಾವೆ ಚಿಕ್ಕವಳಿದ್ದಾಗ ಒಂದು ಶುಕ್ರವಾರ ಅವಳ ಮನೆಯೇ ಎದ್ದು ನಡೆದಿತ್ತು. ನಮಾಜು ಮುಗಿಸಿ ಬಂದ ಊರ ಗಂಡಸರೆಲ್ಲ ಕಂಬಗಳಿಗೆ ಬಿದಿರು ಕಟ್ಟಿ, ಹೆಗಲು ಕೊಟ್ಟು, ಮರದ ಮನೆಯನ್ನು ಇಡಿಯಾಗಿ ಹೊತ್ತು ಗದ್ದೆಯಾಚೆಗೆ ಇಟ್ಟರು. ಮಕ್ಕಳು ಒಳಗಿರಕೂಡದು. ಬೆಸ್ಸೆ ಮಾತ್ರ ಅಕ್ಕಿ ಮೂಟೆಯ ಹಿಂದೆ ಕೋಳಿಯೊಂದನ್ನು ತಬ್ಬಿಕೊಂಡು ಅಡಗಿದ್ದಳು. ಮನೆ ಇಳಿಯುವಷ್ಟರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು! ಆಮೇಲೆ ಬಿದ್ದ ಏಟು ಮರೆತುಹೋಯಿತು, ಆ ಖುಷಿ ಮರೆಯಲಿಲ್ಲ.

ಈಗ ಅವಳು ಬೊನೆ ಕೊಲ್ಲಿಯ ಮೀನು ಬಂದರಿನಲ್ಲಿ ಹರಾಜಿನ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ.

"ನಾಳೆ ಏನು ಕೆಲ್ಸಾನೇ?" ಎಂದು ರಾತ್ರಿ ತಾಯಿ ಇಂದೊ ತುವೊ ಕೇಳಿದ್ದಳು. ಅವರ ಮಾತಿನಲ್ಲಿ ಇಂದೊ ಎಂದರೆ ಅಮ್ಮ.

"ಮನೆ ಹೊರೋದು ಇಂದೊ. ಒಲೆ ಮೇಲೆ ಅನ್ನ ಬೇಯ್ತಾ ಇರೋ ಹಾಗೇನೇ."

"ನಿನ್ನ ಹೆಗಲು ನೋಡಿದ್ರೆ ಕೊಡಾನೂ ಹೊತ್ತ ಹಾಗಿಲ್ಲ," ಎಂದ ತಾಯಿ, ಬೆಳಗಾಗೆದ್ದು ಬಾಳೆಹಣ್ಣು ಕಿವುಚಿ ಎಲೆಯಲ್ಲಿ ಕಟ್ಟಿ ಬಾರೊಂಕೊ ಬೇಯಿಸಿ ಡಬ್ಬಿ ತುಂಬಿದಳು. ಮನೆ ಹೊರುವವರಿಗೆ ಬಾರೊಂಕೊ ಕೊಡದಿರುವುದುಂಟೇ?

ಬೆಸ್ಸೆ ಹೇಳಿದ್ದು ತಮಾಷೆಯಲ್ಲ. ಹರಾಜಿನ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯೊಳಗೆ, ಕೈಗೆ ಸಿಗದ, ಬರೀ ಲೆಕ್ಕದಿಂದ ಕಟ್ಟಿದ ಇನ್ನೊಂದು ಯಂತ್ರವಿತ್ತು. ಹರಾಜು ಅದರ ನೆನಪಿನಲ್ಲೇ ನಡೆಯುತ್ತಿತ್ತು, ಬೆಲೆಗಳು ಹರಾಜುಕಟ್ಟೆಯ ಪರದೆಯಲ್ಲಿ ಮೂಡುತ್ತಿದ್ದವು. ಪೆಟ್ಟಿಗೆಯಿದ್ದ ಹಳೆ ಕಟ್ಟಡವನ್ನು ಒಡೆಯುವವರಿದ್ದರು. ಒಳಗಿನ ಯಂತ್ರವನ್ನು ನಿಲ್ಲಿಸದೆ, ಅದರ ನೆನಪನ್ನೆಲ್ಲ ಹೊಸ ಕಟ್ಟಡದ ಪೆಟ್ಟಿಗೆಗೆ ನಕಲು ಮಾಡಿ, ಕೊನೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿದಿಟ್ಟು, ಅಲ್ಲಿ ಎಬ್ಬಿಸಬೇಕು. ಎದ್ದ ಯಂತ್ರಕ್ಕೆ ತಾನು ಮಲಗಿದ್ದೇ ಗೊತ್ತಾಗಬಾರದು.

ಹಿಂದಿನ ವರ್ಷ ಯಾರೋ ಅದನ್ನು ಆರಿಸಿ ಹೊತ್ತಿಸಿದ್ದರು. ನಡುವೆ ಕೂಗಿದ ಬೆಲೆಗಳೆಲ್ಲ ಮಾಯ. ಜಗಳ ಮುಗಿಯುವಷ್ಟರಲ್ಲಿ ಮೀನು ನಾರಿತು. ಹರಾಜು ಕೂಗುವ ಹಿರಿಯ ಪುವಾಂಗ್ ಮಪ್ಪಿಯಾರೆ ಅಂದೇ ಹೇಳಿಬಿಟ್ಟಿದ್ದರು: "ಇನ್ನೊಂದ್ಸಲ ಆ ಪರದೆ ಕಣ್ಣು ಮುಚ್ಲಿ ನೋಡು! ಅದನ್ನ ಸಮುದ್ರಕ್ಕೆ ಎಸ್ದು ಸೀಮೆಸುಣ್ಣದ ಹಲಗೆ ತರ್ತೀನಿ. ನೀನೂ ಗಂಟು ಕಟ್ಟಮ್ಮ ಬೆಸ್ಸೆ." ಅವರ ಮಾತಿಗೆ ಬಂದರಿನಲ್ಲಿ ಎದುರಿಲ್ಲ.

ಹರಾಜು ಮುಗಿದ ಮೇಲೆ ಸಾಗಿಸುವುದೆಂದಾಗಿತ್ತು. ಆದರೆ ಕರೆಂಟು ಕೀಳುವವರು ಬೆಳಿಗ್ಗೆಯೇ ಬಂದು ಕೂತರು. "ಬೇಗ ಮುಗ್ಸಿ ಅಕ್ಕ, ನಮಗೆ ಬೇರೆ ಕಡೆ ಕೆಲ್ಸ ಇದೆ," ಎಂದು ಇಕ್ಕಳ ತಟ್ಟತೊಡಗಿದರು.

ಬೆಸ್ಸೆ ನಕಲು ಶುರುಮಾಡಿದಳು. ಎಷ್ಟು ಹೊತ್ತಾದರೂ ಅದು ಮುಗಿಯಲೇ ಇಲ್ಲ. ಹೊಸ ಕಟ್ಟಡದಿಂದ ಸಹೋದ್ಯೋಗಿ ಯೊಪ್ಪಿ ಫೋನಿನಲ್ಲಿ ಗೋಳಾಡಿದ: "ತೂತು ಕೊಡಕ್ಕೆ ನೀರು ತುಂಬಿದ ಹಾಗಾಯ್ತು ಅಕ್ಕ! ಇಲ್ಲಿ ಬರ್ಕೊಳ್ಳೋಷ್ಟರಲ್ಲಿ ಅಲ್ಲಿ ಬದಲಾಗಿರತ್ತೆ."

ಬದಲಾಗದೆ ಏನು? ಪಕ್ಕದ ಹರಾಜುಕಟ್ಟೆಯಲ್ಲಿ ಪುವಾಂಗ್ ಉಸಿರು ತೆಗೆದುಕೊಳ್ಳದೆ ಕೂಗುತ್ತಿದ್ದರು. ಅವರು ಒಂದು ಬೆಲೆ ಕೂಗಿದರೆ ಮಕಾಸ್ಸರ್‌ವರೆಗಿನ ಖರೀದಿದಾರರ ಫೋನುಗಳೆಲ್ಲ ಮೇಲೆ ಬಿದ್ದು ಉತ್ತರಿಸುತ್ತಿದ್ದವು. ಬೆಸ್ಸೆ ಡಬ್ಬಿ ಎತ್ತಿಕೊಂಡು ಓಡಿದಳು.

"ಪುವಾಂಗ್, ಒಂಚೂರು ನಿಧಾನಕ್ಕೆ ಕೂಗ್ತೀರಾ?"

"ಗಾಳೀಗೂ ನಿಧಾನಕ್ಕೆ ಬೀಸು ಅಂತ ಹೇಳಿ ಬಂದ್ಯಾ?"

"ಹೋಗ್ಲಿ ಬಿಡಿ. ಇಂದೊ ಬಾರೊಂಕೊ ಕಳ್ಸಿದ್ಲು. ಬಿಸಿ ಇದೆ."

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಪುವಾಂಗರ ಬಾಯಿಗೆ ಎರಡು ಕೆಲಸ ಗೊತ್ತಿತ್ತು, ಆದರೆ ಎರಡನ್ನೂ ಒಟ್ಟಿಗೆ ಮಾಡಲು ಬರುತ್ತಿರಲಿಲ್ಲ. ಎದುರಿಗೆ ಆಳುದ್ದದ ಚೂರೆ ಮೀನು, ಪರದೆಯ ಮೇಲೆ ಅರ್ಧಕ್ಕೆ ನಿಂತ ಅದರ ಬೆಲೆ. ಅವರು ಎಲೆ ಬಿಡಿಸಿದರು. ಒಂದು ಹೋಯಿತು. ಇನ್ನೊಂದು ಹೋಯಿತು. ಫೋನುಗಳೆಲ್ಲ ಬಾಯಿ ಮುಚ್ಚಿಕೊಂಡು ಕಾದವು.

"ಈಗ ನಕಲು ಹಿಡೀತಾ ಇದೆ ಅಕ್ಕ!" ಯೊಪ್ಪಿ ಕಿರುಚಿದ. "ಇನ್ನೊಂಚೂರು! ಏನ್ ಮಾಡಿದ್ರಿ?"

"ಇನ್ನೊಂದಿದ್ಯೇನೇ?" ಪುವಾಂಗ್ ಬೆರಳು ನೆಕ್ಕಿಕೊಳ್ಳುತ್ತ ಕೇಳಿದರು.

ಉಳಿದಿದ್ದು ಒಂದೇ, ಅದು ಅವಳ ಪಾಲಿನದು. ಕೊಟ್ಟಳು.

"ಈಗ!" ಎಂದಳು ಫೋನಿಗೆ. ಪರದೆ ನಡುಗಿದಂತಾಯಿತು, ಅಥವಾ ನಡುಗಿದ್ದು ಅವಳ ಕಣ್ಣೇ ಇರಬೇಕು. ಬೆಲೆ ಅಲ್ಲೇ ಇತ್ತು.

"ಎದ್ದಿದೆ ಅಕ್ಕ, ಇಲ್ಲಿ ಎದ್ದಿದೆ!"

ಅವಳು ಕರೆಂಟಿನವರತ್ತ ಕೈ ಬೀಸಿದಳು. ಹಳೆ ಕಟ್ಟಡದ ದೀಪ ಆರಿತು, ಫ್ಯಾನು ನಿಂತಿತು. ಪುವಾಂಗ್ ಬಾಯಿ ಒರೆಸಿಕೊಂಡು ಮುಂದಿನ ಬೆಲೆ ಕೂಗಿದರು. ಪರದೆ ಅದನ್ನು ತಟ್ಟನೆ ಹಿಡಿಯಿತು, ಫೋನುಗಳು ಮತ್ತೆ ಮುಗಿಬಿದ್ದವು. ಚೂರೆ ಒಳ್ಳೆಯ ಬೆಲೆಗೆ ಹೋಯಿತು.

"ನೋಡಿದ್ಯಾ, ಹರಾಜು ಅಂದ್ರೆ ಹೀಗೆ ಓಡ್ಬೇಕು," ಎಂದರು ಪುವಾಂಗ್. "ನಿನ್ನ ಯಂತ್ರ ಸಾಗಿಸೋದು ಯಾವಾಗ? ನಂಗೆ ಮೊದ್ಲೇ ಹೇಳ್ಬೇಕು, ಗೊತ್ತಾಯ್ತಾ?"

"ಸಾಗಿಸಿ ಆಯ್ತು ಪುವಾಂಗ್."

"ಯಾವಾಗಮ್ಮ?"

"ನೀವು ಕೊನೇದು ತಿನ್ನೋವಾಗ."

ಪುವಾಂಗ್ ಕತ್ತಲಾದ ಕಟ್ಟಡ ನೋಡಿದರು, ಬೆಳಗುತ್ತಿದ್ದ ಪರದೆ ನೋಡಿದರು, ಕೈಯಲ್ಲಿದ್ದ ಬಾಳೆಯೆಲೆ ನೋಡಿದರು. ಆಮೇಲೆ ಕಟ್ಟೆಯೆಲ್ಲ ಅದುರುವಂತೆ ನಕ್ಕರು. ಬೆಸ್ಸೆ ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿ ಕುಳಿತು, ಖಾಲಿ ಡಬ್ಬಿಯನ್ನು ಅಂದಿನ ಕೋಳಿಯಂತೆ ತಬ್ಬಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ತಾನೂ ನಕ್ಕಳು.