ಎಡಕ್ಕೆ ಚೂರು ವಾಲಿಸಿ

ಹೊಲಿಗೆ ಮೆಷಿನ್ ರಿಪೇರಿಯವನು ಇಪ್ಪತ್ತೆರಡು ವರ್ಷ ಮಗುವಿನಂತೆ ಸಾಕಿದ ಬೈಕನ್ನು ಮಾರಿ ತಿಂಗಳಾಗಿತ್ತು. ಗಾರ್ಮೆಂಟ್ಸ್ ಮುಚ್ಚಿ ಕೆಲಸ ಕೈಕೊಟ್ಟ ಮೇಲೆ ಮಗಳ ಕಾಲೇಜು ಫೀಸಿಗೆ ಬೇರೆ ದಾರಿಯೇ ಇರಲಿಲ್ಲ. ಆದರೆ ಕೊಂಡವನು ಎದುರುಮನೆಯ ಬೇಕರಿಯವನು. ದಿನಾ ಬೆಳಿಗ್ಗೆ ಇಪ್ಪತ್ತು ಸಲ ಕಿಕ್ ಹೊಡೆದು, ಬೆವರಿಳಿಸಿಕೊಂಡು ಕೂಗುತ್ತಿದ್ದ: "ಅಣ್ಣಾ, ಇವತ್ತೂ ಸ್ಟಾರ್ಟ್ ಆಗ್ತಿಲ್ಲ!"

"ಮಾರಿದ ಮೇಲೂ ಈ ಪೀಡೆ ತಪ್ಪಲಿಲ್ವಲ್ಲ! ನಾನೇನು ಅವನ ಮನೆ ಆಳಾ?" ಎಂದು ರೇಗುತ್ತಲೇ ಇವನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ಓಡುತ್ತಿದ್ದ. "ಕಿಕ್ಕರ್ ಮುರಿದುಹಾಕ್ತೀಯಾ, ಬಿಡಯ್ಯ ಅತ್ಲಾಗೆ!" ಎಂದು ಬೇಕರಿಯವನನ್ನು ಸರಿಸಿ, ಅವನಿಗೆ ಕಾಣದಂತೆ ಬೆನ್ನು ಅಡ್ಡ ಕೊಟ್ಟು, ಗಾಡಿಯನ್ನು ಚೂರು ಎಡಕ್ಕೆ ವಾಲಿಸಿ ಒದೆಯುತ್ತಿದ್ದ. ಒಂದೇ ಕಿಕ್ಕಿಗೆ ಬೈಕು ಡುಗುಡುಗು ಎನ್ನುತ್ತಿತ್ತು.

ಅದೇ ಬೈಕಿನ ಹಿಂದೆ ಕೂತು ಸಂಸಾರ ಮಾಡಿದ ಹೆಂಡತಿಗೆ ಇವತ್ತು ತಲೆಕೆಟ್ಟಿತು. "ದಿನಾ ಬೈಕೊಂಡು ಹೋಗೋ ಬದಲು, ಎಡಕ್ಕೆ ವಾಲಿಸಪ್ಪಾ ಅಂತ ಒಂದು ಸಲ ಹೇಳಿಬಿಡಬಾರದಾ?"

ಅವನು ಬಾಯಿ ಮುಕ್ಕಳಿಸಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಸಿಡುಕಿದ:

"ಹೇಳಿಬಿಟ್ರೆ ನಾಳೆ ಯಾಕೆ ಕರೀತಾನೆ?"