ಕೋಳಿಗೆ ನಿಂತ ಪಾಠ

ಬೇಲೂರಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಯದುಗಿರಿಯವರು ಗಂಟೆ ಬಾರಿಸಿದ ಮೇಲೂ ಹಿಡಿದ ವಾಕ್ಯ ಮುಗಿಯುವವರೆಗೆ ಸೀಮೆಸುಣ್ಣ ಕೆಳಗಿಟ್ಟವರಲ್ಲ. ದೇವಸ್ಥಾನದ ಸೇವೆಯಲ್ಲಿದ್ದವರೊಬ್ಬರ ಮಗಳು, ಮೈಸೂರಿನಲ್ಲಿ ಬಿ.ಎಸ್ಸಿ. ಓದಿ, ತಂದೆ ತೋರಿಸಿದ ವರಗಳನ್ನೆಲ್ಲ ಬೇಡವೆಂದು, ಹುಟ್ಟಿದೂರಿಗೇ ಉಪಾಧ್ಯಾಯಿನಿಯಾಗಿ ಬಂದಿದ್ದರು. ಅವರ ಒಂದೇ ಒಂದು ಪಾಠ ಅರ್ಧಕ್ಕೆ ನಿಂತಿತು. ಅದು ೧೯೬೩ರ ಮಾತು.

ಪ್ರಾಣಿಗಳಲ್ಲಿ ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದು ಅಂದಿನ ವಿಷಯ. ಜೀವಕೋಶದೊಳಗಿನ ವರ್ಣತಂತುಗಳ ಪರಿಚಯ ಮಾಡಿಕೊಟ್ಟು, ಮಿಡತೆಯಿಂದ ಆರಂಭಿಸಿದರು. ಅಲ್ಲಿ ಹೆಣ್ಣಿಗೆ ಎರಡು ಎಕ್ಸ್ ತಂತುಗಳು, ಗಂಡಿಗೆ ಒಂದೇ. ಬಳಿಕ ಕೋಳಿ. ಹುಂಜದಲ್ಲಿರುವ ಜೋಡಿ ಒಂದೇ ಬಗೆಯದು, ಹೇಂಟೆಯದು ಎರಡು ಬಗೆಯದು. ಆದ್ದರಿಂದ ಮರಿ ಹುಂಜವೋ ಹೇಂಟೆಯೋ ಎಂಬುದು ಹೇಂಟೆಯಿಂದಲೇ ತೀರ್ಮಾನವಾಗುತ್ತದೆ. ಮುಂದೆ ಹಸು ಮತ್ತು ಮನುಷ್ಯರ ಸರದಿ. ಅಷ್ಟರಲ್ಲಿ ಹೆಡ್‌ಮಾಸ್ತರು ವೆಂಕಟರಾಮಯ್ಯನವರು ಅವರನ್ನು ಹೊರಗೆ ಕರೆದು, ಹುಡುಗಿಯರ ತರಗತಿಯಲ್ಲಿ ಪಾಠ ಕೋಳಿಗೇ ನಿಲ್ಲಲಿ ಎಂದರು. ಯದುಗಿರಿ ವಾದಿಸಲಿಲ್ಲ. ಕಪ್ಪುಹಲಗೆಯನ್ನು ಒರೆಸಲೂ ಇಲ್ಲ.

ಮುಂದಿನ ಸೋಮವಾರ ಆ ತರಗತಿಯ ಅನುಸೂಯ ಎಂಬ ಹುಡುಗಿ ಕಣ್ಣು ಊದಿಸಿಕೊಂಡು ಬಂದಳು. ಜಾವಗಲ್ಲಿನ ಕೊಬ್ಬರಿ ವರ್ತಕ ಜಯದೇವಪ್ಪನ ಹಿರಿಯ ಮಗಳು. ಬೇಲೂರಿನ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದಳು. ತಾಯಿ ಕಾಂತಮ್ಮನ ತೊಡೆಯ ಮೇಲಿದ್ದ ಕೂಸು ನಾಲ್ಕನೆಯ ಹೆಣ್ಣು. ಭಾನುವಾರ ಊರಿಗೆ ಹೋದ ಅನುಸೂಯ ಪಾಠದ ಸುದ್ದಿ ಹೇಳುತ್ತ, ಗಂಡೋ ಹೆಣ್ಣೋ ಎಂಬುದನ್ನೆಲ್ಲ ನಿರ್ಧರಿಸುವುದು ಹೆಣ್ಣೇ ಎಂದುಬಿಟ್ಟಿದ್ದಳು. ಅಜ್ಜಿ ಮಹದೇವಮ್ಮನಿಗೆ ಅಷ್ಟೇ ಸಾಕಾಯಿತು. ಕಾಂತಮ್ಮನನ್ನು ಬುಧವಾರದ ಬಸ್ಸಿಗೆ ತೌರಿಗೆ ಕಳಿಸಿ, ಮಗನಿಗೆ ಬೇರೆ ಹೆಣ್ಣು ತರುವುದೆಂದು ಆಕೆ ತೀರ್ಮಾನಿಸಿದ್ದರು.

ಎರಡನೆಯ ಮದುವೆಗೆ ಕಾನೂನಿನ ಅಡ್ಡಿಯಿದೆಯಲ್ಲ ಎಂದು, ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಹೇಳಿದೆ.

“ಕಾನೂನು ನಿಧಾನವಾಗಿ ಬರುತ್ತೆ ಕಣ್ರೀ, ಬಸ್ಸು ಬುಧವಾರಾನೇ ಹೊರಡುತ್ತೆ,” ಎಂದರು ಯದುಗಿರಿ. “ನನ್ನ ಪಾಠ ನಾನೇ ಮುಗಿಸಬೇಕು.”

ಮಂಗಳವಾರ ರಜೆ ಹಾಕಿ ಜಾವಗಲ್ಲಿಗೆ ಹೊರಟರು; ಜೊತೆಗೆ ನಾನೂ ಹೋದೆ. ಜಗುಲಿಯ ಮೇಲೆ ಕಾಂತಮ್ಮನ ಟ್ರಂಕು ಆಗಲೇ ಸಿದ್ಧವಾಗಿತ್ತು. ಆಕೆ ಕೂಸನ್ನೆತ್ತಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಮಹದೇವಮ್ಮ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ತಾವೇ ಮಾತು ತೆಗೆದರು.

“ಎಲ್ಲಾ ಹೆಣ್ಣಿಂದ್ಲೇ ಆಗೋದು ಅಂತ ನೀವೇ ಹೇಳಿದ್ರಂತಲ್ಲವ್ವ.”

“ಹೇಳಿದ್ದೆ. ಕೋಳಿ ವಿಷಯದಲ್ಲಿ.”

ಮಹದೇವಮ್ಮನ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. “ಶಿವಶಿವಾ. ನಮ್ಮಂಥೋರ ಮನೇಲಿ ಅದರ ಮಾತ್ಯಾಕವ್ವ?”

ಆಗ ನಮಗೆ ಅರ್ಥವಾಯಿತು. ಆ ಮನೆಯಲ್ಲಿ ಕೋಳಿಯ ಹೆಸರೆತ್ತುವಂತಿಲ್ಲ. ಅನುಸೂಯ ಮಡಿಗೆ ಅಂಜಿ ಆ ಒಂದು ಶಬ್ದವನ್ನು ನುಂಗಿ, ಉಳಿದದ್ದನ್ನೆಲ್ಲ ಹೇಳಿದ್ದಳು.

“ನಾನೂ ಅದನ್ನೇ ಕೇಳೋದು,” ಎಂದರು ಯದುಗಿರಿ. “ಕೋಳಿ ಕಾಲಿಡದ ಮನೆಯಲ್ಲಿ ಕೋಳಿಯ ಕಟ್ಟಳೆ ಯಾಕೆ ನಡೀಬೇಕು?”

ಅನಂತರ ನಿಂತ ಪಾಠವನ್ನು ಅಲ್ಲಿಯೇ ಮುಂದುವರಿಸಿದರು. ಹಸುವಿನಲ್ಲೂ ಮನುಷ್ಯರಲ್ಲೂ ತಾಯಿ ಕೊಡಬಲ್ಲದ್ದು ಎಕ್ಸ್ ತಂತು ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಯಾವುದು ಬರಬೇಕೆಂದು ಆರಿಸುವ ಶಕ್ತಿ ತಂದೆಗೂ ಇಲ್ಲ.

“ಹಂಗಾರೆ ನನ್ ಮಗಂದೇ ತಪ್ಪು ಅಂತೀರಾ?”

“ತಪ್ಪು ಯಾರದೂ ಅಲ್ಲಮ್ಮ. ಆದರೆ ಸೊಸೆಯನ್ನ ಬದಲಾಯಿಸಿದರೆ ಏನೂ ಬದಲಾಗೋದಿಲ್ಲ.”

ಕಂಬಕ್ಕೊರಗಿ ಕೂತಿದ್ದ ಜಯದೇವಪ್ಪ ಎದ್ದ.

“ಇನ್ನೊಬ್ಬಳು ಬಂದ್ರೂ ಗಂಡ ನಾನೇ ತಾನೆ ಕಣವ್ವ,” ಎಂದ. “ಈ ಟ್ರಂಕು ಯಾಕೆ ಸುಮ್ಕೆ ಹೊರಗೈತೆ?”

ಅದನ್ನು ಹೆಗಲಿಗೇರಿಸಿಕೊಂಡು ಒಳಗೆ ನಡೆದ. ಕಾಂತಮ್ಮ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಮಹದೇವಮ್ಮ ತಡೆಯಲಿಲ್ಲ. ನಾವು ಹೊರಟಾಗ ಮೆಟ್ಟಿಲವರೆಗೂ ಬಂದು, “ಇನ್ಮೇಲಾದ್ರೂ ಹಸುವಿನ ಪಾಠ ಮೊದಲು ಹೇಳಿ ಕಣವ್ವ, ಆ ಇನ್ನೊಂದನ್ನ ಆಮೇಲೆ,” ಎಂದರು.

ಯದುಗಿರಿ ಮರುದಿನ ಹಸುವಿನಿಂದ ಆರಂಭಿಸಿ ಮನುಷ್ಯರಲ್ಲಿ ಮುಗಿಸಿದರು. ವೆಂಕಟರಾಮಯ್ಯನವರು ವೆರಾಂಡದಲ್ಲಿ ಕೊಂಚ ಹೊತ್ತು ನಿಂತು ಕೇಳಿದರು, ಒಳಗೆ ಬರಲಿಲ್ಲ.